ಬಾದಾಮಿ ಧೂಳಿಗೆ ತಕ್ಕ ಏರ್ ಇನ್‌ಟೇಕ್

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ ಬಾದಾಮಿ ಕೊಯ್ಲು. ಕೊಯ್ಲು ಅಂದರೆ ಮರ ಹತ್ತಿ ಕೀಳುವುದಲ್ಲ. ಒಂದು ಯಂತ್ರ ಬಂದು ಕಾಂಡವನ್ನು ಹಿಡಿದು ಗಡಗಡ ಅಲ್ಲಾಡಿಸುತ್ತದೆ, ಕಾಯಿ ಅಷ್ಟೂ ನೆಲಕ್ಕೆ. ಬಿಸಿಲಿಗೆ ಒಣಗಿದ ಮೇಲೆ ಇನ್ನೊಂದು ಯಂತ್ರ ಅದನ್ನು ಸಾಲಿಗೆ ಗುಡಿಸುತ್ತದೆ, ಮತ್ತೊಂದು ಬಾಚಿ ತುಂಬಿಕೊಳ್ಳುತ್ತದೆ. ಬೇಸಿಗೆ ಪೂರ್ತಿ ಒಂದು ಹನಿ ಮಳೆ ಇರುವುದಿಲ್ಲ, ಮಣ್ಣು ರಾಗಿ ಹಿಟ್ಟಿನ ಹಾಗೆ ಹಾರುತ್ತದೆ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ. 80 ಈ ರಾಜ್ಯದ್ದೇ. ಅದರ ಧೂಳಿನಲ್ಲಿ ನನ್ನ ಪಾಲು ಪ್ರತಿ ವರ್ಷ ನನ್ನ ಟಕೋಮಾ ಪಿಕಪ್ಪಿನ ಏರ್ ಫಿಲ್ಟರ್‌ಗೆ ಬರುತ್ತದೆ.

ನನ್ನ ಕೆಲಸ ಹನಿ ನೀರಾವರಿಯದು. ಪಂಪು, ವಾಲ್ವು, ಮಣ್ಣಿನ ತೇವ ಅಳೆಯುವ ಸೆನ್ಸರು ನೋಡಿಕೊಂಡು ತೋಟದಿಂದ ತೋಟಕ್ಕೆ ಓಡಾಡಬೇಕು. ಗಾಡಿ 2017ರ ಟೊಯೋಟಾ ಟಕೋಮಾ, 3.5 ಲೀಟರಿನ ವಿ6 ಪೆಟ್ರೋಲ್ ಎಂಜಿನ್, ಕಂಪನಿ ಲೆಕ್ಕದಲ್ಲಿ 278 ಅಶ್ವಶಕ್ತಿ. ಕೊಯ್ಲಿನ ಕಾಲದಲ್ಲಿ ಕಿಟಕಿ ಇಳಿಸುವ ಹಾಗಿಲ್ಲ. ಇಲ್ಲಿನ ಮಣ್ಣಿನಲ್ಲಿ ವ್ಯಾಲಿ ಫೀವರ್ ತರುವ ಶಿಲೀಂಧ್ರ ಬೇರೆ ಇದೆ, ಧೂಳು ಕುಡಿದರೆ ಶ್ವಾಸಕೋಶಕ್ಕೆ ಬರುತ್ತದೆ. ನಾವೇನೋ ಮಾಸ್ಕ್ ಹಾಕಿಕೊಳ್ಳುತ್ತೇವೆ. ಎಂಜಿನ್ನಿಗೆ ಇರುವುದು ಮಡಿಕೆ ಮಡಿಕೆಯ ಒಂದು ಚಪ್ಪಟೆ ಫಿಲ್ಟರು. ಉಳಿದವರಿಗೆ ಅದು ಎರಡು ವರ್ಷ ಬಂದರೆ ನನಗೆ ಒಂದು ಕೊಯ್ಲಿಗೂ ಸಾಲದು.

ಹೀಗೆ ಶುರುವಾಯಿತು ಟೊಯೋಟಾದ್ದಲ್ಲದ, ಬೇರೆ ಕಂಪನಿಯ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ತರುವ ಫಿಲ್ಟರು, ಡಬ್ಬಿ, ಕೊಳವೆ) ಹಾಕಿಸುವ ಯೋಚನೆ. ಅರ್ಧ ಅಗತ್ಯ, ಅರ್ಧ ಆಸೆ ಎಂದೇ ಇಟ್ಟುಕೊಳ್ಳಿ. ಬಾನೆಟ್ ಎತ್ತಿದಾಗ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಬದಲು ಹೊಳೆಯುವ ಕೊಳವೆ ಕಾಣಬೇಕೆಂಬ ಚಪಲ ಯಾರಿಗಿಲ್ಲ?

ಈ ಸರಕಿನ ದೊಡ್ಡ ಹೆಸರುಗಳೆಲ್ಲ ನಮಗೆ ಹತ್ತಿರದವೇ. ಕೆ ಆ್ಯಂಡ್ ಎನ್ ಬೆಳೆದದ್ದು ರಿವರ್‌ಸೈಡ್‌ನಲ್ಲಿ, ಎಎಫ್‌ಇ ಇರುವುದು ಕೊರೋನಾ ಎಂಬ ಊರಿನಲ್ಲಿ (ರೋಗಕ್ಕೂ ಊರಿಗೂ ಸಂಬಂಧವಿಲ್ಲ), ಎಸ್ ಆ್ಯಂಡ್ ಬಿ ಫಾಂಟಾನಾದಲ್ಲಿ. ನಮ್ಮ ಕೌಂಟಿಯ ಬೇಕರ್ಸ್‌ಫೀಲ್ಡ್‌ನಿಂದ ಗ್ರೇಪ್‌ವೈನ್ ಘಾಟಿ ದಾಟಿದರೆ ಲಾಸ್ ಏಂಜಲೀಸ್‌ನ ಪೂರ್ವಕ್ಕೆ ಒಂದರ ಪಕ್ಕ ಒಂದು ಸಿಗುವ ಊರುಗಳಿವು. ಒಬ್ಬರು ಹತ್ತು ಅಶ್ವಶಕ್ತಿ ಹೆಚ್ಚುತ್ತದೆ ಅಂದರೆ ಇನ್ನೊಬ್ಬರು ಹನ್ನೆರಡು ಅನ್ನುತ್ತಾರೆ, ಮತ್ತೊಬ್ಬರದು ಹದಿನೈದು. ಎಲ್ಲ ಡಬ್ಬಿಯ ಮೇಲೂ ‘ಕೋಲ್ಡ್ ಏರ್’ ಎಂಬ ಮಾತು ಇರಲೇಬೇಕು.

ತಣ್ಣನೆಯ ಗಾಳಿ ದಟ್ಟ, ದಟ್ಟ ಗಾಳಿಯಲ್ಲಿ ಆಮ್ಲಜನಕ ಜಾಸ್ತಿ, ಅಷ್ಟು ಮಾತು ನಿಜ. ಲೆಕ್ಕವೂ ಸುಲಭ: ಗಾಳಿ ಮೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ದಟ್ಟಣೆ ಸುಮಾರು ಶೇ. 1 ಇಳಿಯುತ್ತದೆ. ಆದರೆ ಟಕೋಮಾದ ಮೂಲ ಡಬ್ಬಿ ಗಾಳಿ ಎಳೆಯುವುದು ಎಂಜಿನ್ ಪಕ್ಕದಿಂದಲ್ಲ, ಫೆಂಡರಿನ (ಚಕ್ರದ ಮೇಲಿನ ತಗಡಿನ) ಒಳಗಿನಿಂದ. ಅಂದರೆ ಟೊಯೋಟಾದವರು ತಣ್ಣನೆ ಗಾಳಿಯ ಇನ್‌ಟೇಕ್ ಆಗಲೇ ಕೊಟ್ಟಿದ್ದಾರೆ. ಅದನ್ನು ಕಿತ್ತು, ಬಾನೆಟ್ ಕೆಳಗೆ ಬರಿಯ ಕೋನ್ ಫಿಲ್ಟರು ಕೂರಿಸಿ, ಪಕ್ಕಕ್ಕೊಂದು ತಗಡು ನಿಲ್ಲಿಸಿದರೆ ಅದು ತಣ್ಣಗಾಗುವುದು ಹೇಗೆ?

ಬಾಯಿಮಾತಿಗಿಂತ ನೋಡಿಬಿಡೋಣ ಅನ್ನಿಸಿತು. ನಮ್ಮ ಆಫೀಸಿನವನೊಬ್ಬನ ಹತ್ತಿರ ಇದೇ ಗಾಡಿ, ತೆರೆದ ಕೋನ್ ಹಾಕಿಸಿದ್ದ. ಸ್ಟಿಯರಿಂಗ್ ಕೆಳಗೆ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸಾಧನ ಚುಚ್ಚಿ, ಒಳಬರುವ ಗಾಳಿಯ ಉಷ್ಣತೆಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೆವು. ಹೊರಗೆ 41 ಡಿಗ್ರಿ, ಇಲ್ಲಿನ ಜುಲೈಗೆ ಅದೇನೂ ವಿಶೇಷವಲ್ಲ. ಸಿಗ್ನಲ್ಲಿನಲ್ಲಿ ನಿಂತಂತೆ ಅವನ ಗಾಡಿಯ ಸಂಖ್ಯೆ ಏರುತ್ತಾ 66 ಮುಟ್ಟಿತು. ಅದೇ ಸಿಗ್ನಲ್ಲಿನಲ್ಲಿ ನನ್ನದು 52ಕ್ಕೆ ನಿಂತಿತು. ಹೈವೇಗೆ ಹತ್ತಿದ ಮೇಲೆ ಎರಡೂ ಇಳಿದವು, ಅವನದು 46, ನನ್ನದು 43. ಅಂದರೆ ಓಡುವಾಗ ವ್ಯತ್ಯಾಸ ಅಷ್ಟಕ್ಕಷ್ಟೆ, ನಿಂತು ಹೊರಡುವಾಗ ಮಾತ್ರ ದೊಡ್ಡದು. ನನ್ನ ದಿನವೋ ಬರೀ ನಿಲ್ಲುವುದು, ಹೊರಡುವುದು. ತೆರೆದ ಕೋನ್ ಅಲ್ಲಿಗೇ ಪಟ್ಟಿಯಿಂದ ಹೊರಬಿತ್ತು.

ಕಂಪನಿಗಳ ಗ್ರಾಫು ಸುಳ್ಳೆಂದು ನಾನು ಹೇಳುವುದಿಲ್ಲ. ಡೈನೋ (ಗಾಡಿಯ ಅಶ್ವಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆಯುವಾಗ ಸಾಮಾನ್ಯವಾಗಿ ಬಾನೆಟ್ ತೆಗೆದಿರುತ್ತದೆ, ಮುಂದೆ ಆಳೆತ್ತರದ ಫ್ಯಾನ್ ಬೀಸುತ್ತಿರುತ್ತದೆ. ನನ್ನ ಗಾಡಿಗೆ ಆ ಭಾಗ್ಯವಿಲ್ಲ.

ಇನ್ನು ಗಾಳಿಯ ಹರಿವು. 3.5 ಲೀಟರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಲೆಕ್ಕದಲ್ಲಿ ನಿಮಿಷಕ್ಕೆ 10,500 ಲೀಟರ್ ಗಾಳಿ ಎಳೆಯುತ್ತದೆ. ಫಿಲ್ಟರು ಇದಕ್ಕೆ ಎಷ್ಟು ಅಡ್ಡಿ ಮಾಡುತ್ತದೆ? ಅಳೆಯಲು ಒಂದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಸಾಕು. ಹಲಗೆಯ ಮೇಲೆ ಅದನ್ನು ಯು ಆಕಾರದಲ್ಲಿ ಬಾಗಿಸಿ ಅಂಟಿಸಿದೆ, ಪಕ್ಕದಲ್ಲಿ ಸ್ಕೇಲು, ಒಳಗೆ ಕುಂಕುಮ ಕದಡಿದ ನೀರು. ಫಿಲ್ಟರಿಗೂ ಥ್ರಾಟಲಿಗೂ (ಆ್ಯಕ್ಸಲರೇಟರ್ ತುಳಿದಂತೆ ತೆರೆಯುವ ಗಾಳಿಯ ಕದ) ನಡುವಿನ ಕೊಳವೆಗೆ ಎಂಜಿನ್ ಬ್ರೀದರ್ ಹೋಸ್ ಸೇರುವ ಕಡೆ ಟೀ ಹಾಕಿ, ನಳಿಕೆಯ ಒಂದು ತುದಿ ಅಲ್ಲಿಗೆ ಕೊಟ್ಟೆ. ಇನ್ನೊಂದು ತುದಿ ಕ್ಯಾಬಿನ್ನಿನ ಗಾಳಿಗೆ ತೆರೆದಿತ್ತು. ಎಂಜಿನ್ ಎಷ್ಟು ಕಷ್ಟಪಟ್ಟು ಉಸಿರೆಳೆಯುತ್ತದೋ ನೀರಿನ ಎರಡು ಮಟ್ಟಗಳ ನಡುವೆ ಅಷ್ಟು ಅಂತರ. ಹಲಗೆ ಹಿಡಿದುಕೊಂಡು ಓದುವ ಕೆಲಸ ನನ್ನ ಹೆಂಡತಿಯದು. ಹೈವೇ ಹತ್ತುವ ರ‍್ಯಾಂಪಿನಲ್ಲಿ ಆ್ಯಕ್ಸಲರೇಟರ್ ಪೂರ್ತಿ ತುಳಿದಾಗ, “ರೀ, ಸ್ವಲ್ಪ ಹೇಳಿ ಒತ್ತಬಾರದಾ, ನೀರು ಹಾರಿ ನನ್ನ ಮೇಲೇ ಬರುತ್ತೆ!” ಅಂದಳು. ಬರಲಿಲ್ಲ, ಆದರೆ ಕುಂಕುಮ ಬೇಡ, ಇನ್ನೊಂದು ಸಲ ಅರಿಶಿನ ಹಾಕಿ ಎಂದಳು. ಕುಂಕುಮವೇ ಚೆನ್ನಾಗಿ ಕಾಣುತ್ತದೆ.

ತೋಟದ ಧೂಳು ತುಂಬಿದ ಹಳೆ ಫಿಲ್ಟರಿಗೆ 14 ಇಂಚು. ಹೊಸ ಟೊಯೋಟಾ ಫಿಲ್ಟರಿಗೆ 9. ಡಾಂಬರು ರಸ್ತೆಯಲ್ಲಿ ಒಂದೇ ಒಂದು ಗಳಿಗೆ ಫಿಲ್ಟರೇ ಇಲ್ಲದೆ ಓಡಿಸಿದರೆ 7. (ಇದನ್ನು ತೋಟದಲ್ಲಿ ಯಾರೂ ಮಾಡಬೇಡಿ.) ವಾತಾವರಣದ ಒತ್ತಡ ಇದೇ ಅಳತೆಯಲ್ಲಿ ಸುಮಾರು 407 ಇಂಚು ನೀರು. ಹೊಸ ಫಿಲ್ಟರು ತಾನೊಂದೇ ತಿನ್ನುವುದು 2 ಇಂಚು, ಅಂದರೆ ಶೇಕಡಾ ಅರ್ಧ, 278ರಲ್ಲಿ ಒಂದೂವರೆ ಅಶ್ವಶಕ್ತಿಗಿಂತ ಕಡಿಮೆ. ಡಬ್ಬಿ, ಕೊಳವೆ, ತಿರುವು ಎಲ್ಲದರ ಅಡ್ಡಿಯೂ ಸೊನ್ನೆಯಾದರೂ ಸಿಗುವುದು ಆರು. ಹಾಗಾದರೆ ಡಬ್ಬಿಯ ಮೇಲಿನ ಹನ್ನೆರಡು, ಹದಿನೈದು ಎಲ್ಲಿಂದ?

ಅದಕ್ಕೊಂದು ಉತ್ತರ ಮಾಸ್ ಏರ್ ಫ್ಲೋ ಸೆನ್ಸರಿನಲ್ಲಿದೆ. ಫಿಲ್ಟರು ದಾಟಿದ ತಕ್ಷಣ ಕೊಳವೆಯೊಳಗೆ ಕೂತಿರುವ ಬಿಸಿ ತಂತಿ ಅದು. ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಕಂಪ್ಯೂಟರು ಗಾಳಿಯ ತೂಕ ಲೆಕ್ಕಹಾಕಿ ಪೆಟ್ರೋಲ್ ಬಿಡುತ್ತದೆ. ಆ ಲೆಕ್ಕ ಮೂಲ ಕೊಳವೆಯ ಅಡ್ಡಳತೆಗೆ ಹೊಂದಿಸಿದ್ದು. ಹೊಸ ಕೊಳವೆ ಚೂರು ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರಿಗೆ ಗಾಳಿ ಕಡಿಮೆ ಬಂದಂತೆ ಕಾಣುತ್ತದೆ, ಪೆಟ್ರೋಲೂ ಕಡಿಮೆ ಬೀಳುತ್ತದೆ. ಪೂರ್ತಿ ತುಳಿದಾಗ ಮೊದಲೇ ಹೆಚ್ಚು ಪೆಟ್ರೋಲ್ ಸುರಿಯುವ ಎಂಜಿನ್ನಿನಲ್ಲಿ ಇದರಿಂದ ಡೈನೋ ಕಾಗದದ ಮೇಲೆ ಒಂದಿಷ್ಟು ಗಳಿಕೆ ತೋರಬಹುದು. ಅತಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲವೆನ್ನುವ ಪಿ0171 ಎಂಬ ಕೋಡು. ಆದ್ದರಿಂದ ಕಿಟ್ ಆರಿಸುವಾಗ ನಾನು ಅಶ್ವಶಕ್ತಿಯ ಅಂಕಿ ನೋಡುವುದು ಬಿಟ್ಟು, ಸೆನ್ಸರು ಕೂರುವ ಜಾಗದ ಅಡ್ಡಳತೆ ಮೂಲಕ್ಕೆ ಎಷ್ಟು ಹತ್ತಿರ ಎಂದು ಕೇಳಲು ಶುರುಮಾಡಿದೆ. ಅಂಗಡಿಯವರಿಗೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ.

ಮೈಲೇಜಿನ ಆಸೆಯೂ ಅಲ್ಲಿಗೇ ಮುಗಿಯಿತು. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಫಿಲ್ಟರು ಕಟ್ಟಿಕೊಂಡಿದ್ದರೂ ಇಂದಿನ ಇಂಜೆಕ್ಷನ್ ಕಾರುಗಳ ಮೈಲೇಜ್ ಇಳಿಯುವುದಿಲ್ಲ, ವೇಗ ಏರುವುದು ಮಾತ್ರ ನಿಧಾನವಾಗುತ್ತದೆ ಎಂದು ತೋರಿಸಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಮಾಮೂಲಿ ಓಟಕ್ಕೆ ಥ್ರಾಟಲೇ ಗಾಳಿಯನ್ನು ಅರ್ಧ ಮುಚ್ಚಿ ಹಿಡಿದಿರುತ್ತದೆ. ಅದರ ಹಿಂದೆ ಫಿಲ್ಟರು ಇನ್ನಷ್ಟು ಅಡ್ಡಿ ಮಾಡಿದರೆ ಥ್ರಾಟಲ್ ಅಷ್ಟು ಹೆಚ್ಚು ತೆರೆದುಕೊಳ್ಳುತ್ತದೆ, ಅಷ್ಟೆ.

ಇಷ್ಟು ಆದಮೇಲೆ ನನಗೆ ಬೇಕಾದದ್ದೇನೆಂದು ಸ್ಪಷ್ಟವಾಯಿತು. ಶಕ್ತಿಯೂ ಅಲ್ಲ, ಮೈಲೇಜೂ ಅಲ್ಲ. ಕೊಯ್ಲು ಪೂರ್ತಿ ಕಟ್ಟಿಕೊಳ್ಳದೆ ಧೂಳು ತಡೆಯುವ ದೊಡ್ಡ ಫಿಲ್ಟರು, ಸಂದಿಯಿಲ್ಲದ ಡಬ್ಬಿ.

ಹಿರಿಯೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನದು ಹಳೆ ಮ್ಯಾಸಿ ಟ್ರ್ಯಾಕ್ಟರು, ಆಯಿಲ್ ಬಾತ್ ಏರ್ ಕ್ಲೀನರು: ಗಾಳಿ ಎಣ್ಣೆಯ ಬಟ್ಟಲಿಗೆ ಬಡಿದು ತಿರುಗಿ ಮೇಲೇಳುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಮೇಲೆ ಟೋಪಿಯಂತೆ ಪ್ರೀ-ಕ್ಲೀನರು.

“ಲೋ, ನಿನ್ನ ಗಾಡಿ ಗಾಳಿ ಎಲ್ಲಿಂದ ತಗೊಳ್ತದೆ?”

“ಚಕ್ರದ ಮೇಲೆ, ಫೆಂಡರ್ ಒಳಗಿಂದ ಅಣ್ಣ.”

“ಧೂಳು ಏಳೋ ಜಾಗದಾಗೇ ಮೂಗು ಇಟ್ಟವ್ರಲ್ಲೋ! ಮ್ಯಾಲಕ್ಕೆ ಎತ್ತು ಅದನ್ನ.”

ಅಣ್ಣ ಹೇಳಿದ್ದನ್ನೇ ಟೊಯೋಟಾ ಕೂಡ ಮಾಡಿದೆ. 2019ರ ಟಕೋಮಾ ಟಿಆರ್‌ಡಿ ಪ್ರೋಗೆ ಅವರು ಕೊಟ್ಟ ಸ್ನಾರ್ಕೆಲ್ಲಿನ (ಮೇಲಕ್ಕೆ ಎತ್ತಿದ ಗಾಳಿ ಕೊಳವೆಯ) ಹೆಸರೇ ‘ಡೆಸರ್ಟ್ ಏರ್ ಇನ್‌ಟೇಕ್’. ನೀರಿನಲ್ಲಿ ಮುಳುಗಿ ಹೋಗುವುದಕ್ಕಲ್ಲ, ಚಕ್ರದ ಧೂಳಿಗಿಂತ ಮೇಲಿನ ಗಾಳಿ ಕುಡಿಯುವುದಕ್ಕೆ. ಮನಸ್ಸು ಸ್ವಲ್ಪ ಅತ್ತ ವಾಲಿತ್ತು. ಹೆಂಡತಿ ಚಿತ್ರ ನೋಡಿ “ಆನೆ ಸೊಂಡಿಲು” ಅಂದದ್ದಕ್ಕೂ ನಾನು ಬಗ್ಗುತ್ತಿರಲಿಲ್ಲ. ಬಗ್ಗಿದ್ದು ಬಾದಾಮಿ ಮರಕ್ಕೆ. ಸಾಲಿನ ನಡುವೆ ಹೋಗುವಾಗ ತಗ್ಗಿದ ಕೊಂಬೆಗಳು ಈಗಲೇ ಬಲಗಡೆಯ ಕನ್ನಡಿಯನ್ನು ಮಡಚುತ್ತವೆ, ಗಾಜಿನ ಪಕ್ಕ ನೆಟ್ಟಗೆ ನಿಂತ ಪ್ಲಾಸ್ಟಿಕ್ ಕೊಳವೆ ಒಂದು ಸೀಸನ್ ಉಳಿಯುವುದಿಲ್ಲ. ಅದೂ ಅಲ್ಲದೆ ಫೆಂಡರಿಗೆ ತೂತು ಕೊರೆಯಬೇಕು. ಗುಡಿಸುವ ಯಂತ್ರದ ಹಿಂದೆ ಧೂಳಿನ ಮೋಡ ಮರದೆತ್ತರ ಇರುವಾಗ ಎರಡಡಿ ಮೇಲೆ ಹೋಗಿ ಪ್ರಯೋಜನವೂ ಕಡಿಮೆ.

ಉಳಿದದ್ದು ಫಿಲ್ಟರಿನ ಬಟ್ಟೆ. ಎಣ್ಣೆ ಸವರಿದ ಹತ್ತಿಯದೋ, ಒಣ ಸಿಂಥೆಟಿಕ್ಕೋ? ಎಣ್ಣೆ ಹತ್ತಿಯ ಪರವಾಗಿ ಹೇಳಬೇಕಾದರೆ, ತೊಳೆದು ಮತ್ತೆ ಬಳಸಬಹುದು, ಗಾಳಿ ಸಲೀಸಾಗಿ ಬಿಡುತ್ತದೆ. ತೊಳೆದ ಮೇಲೆ ಎಣ್ಣೆ ಸರಿಯಾದ ಪ್ರಮಾಣದಲ್ಲಿ ಹಚ್ಚಬೇಕು. ಹೆಚ್ಚಾದರೆ ಅದು ಹಾರಿ ಹೋಗಿ ಆ ಬಿಸಿ ತಂತಿಗೇ ಕೂರಬಹುದು. ಇಡೀ ದಿನ ಧೂಳಿನಲ್ಲಿ ಇರುವವನಿಗೆ ತೊಳೆ, ಒಣಗಿಸು, ಎಣ್ಣೆ ಹಚ್ಚು, ಕಾಯಿ ಎನ್ನುವ ಸೇವೆ ಆಗದ ಮಾತು.

ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಗೊತ್ತಾದ ಅಳತೆಯ ಧೂಳನ್ನು ಗೊತ್ತಾದ ಗಾಳಿಯ ಜೊತೆ ಬಿಟ್ಟು, ಎಷ್ಟು ತಡೆಯಿತು, ಎಷ್ಟು ನುಗ್ಗಿತು, ಎಷ್ಟು ತುಂಬಿದ ಮೇಲೆ ಕಟ್ಟಿಕೊಂಡಿತು ಎಂದು ತೂಗುತ್ತಾರೆ. ಆ ಧೂಳಿಗೆ ಈ ಕಡೆಯವರು ಇಂದಿಗೂ ‘ಅರಿಝೋನಾ ಡಸ್ಟ್’ ಎನ್ನುತ್ತಾರೆ. ನನಗೆ ಇಲ್ಲಿ ಹೊಳೆದದ್ದು ಶೇಕಡಾವಾರು ಅಂಕಿಯನ್ನು ತಲೆಕೆಳಗಾಗಿ ಓದಬೇಕೆಂಬುದು. ಒಂದು ಫಿಲ್ಟರು ಶೇ. 98, ಇನ್ನೊಂದು 99.5 ತಡೆಯುತ್ತದೆ ಅಂದರೆ ಎರಡೂ ಒಂದೇ ಎನ್ನಿಸುತ್ತದೆ. ಒಳಗೆ ನುಗ್ಗುವುದನ್ನು ನೋಡಿ: ಮೊದಲನೆಯದರಲ್ಲಿ 2, ಎರಡನೆಯದರಲ್ಲಿ ಅರ್ಧ. ನಾಲ್ಕು ಪಟ್ಟು. ಮರಳಿನ ಕಣ ಉಕ್ಕಿಗಿಂತ ಗಟ್ಟಿ, ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಸಿಕ್ಕಿದರೆ ಉಜ್ಜುಕಾಗದದ ಕೆಲಸವನ್ನೇ ಮಾಡುತ್ತದೆ. ಪರೀಕ್ಷೆಯ ವರದಿಯನ್ನು ಪೂರ್ತಿ ಪ್ರಕಟಿಸದ ಕಿಟ್‌ಗಳನ್ನು ನಾನು ಮತ್ತೆ ತಿರುಗಿ ನೋಡಲಿಲ್ಲ.

ಇದೆಲ್ಲಕ್ಕೂ ಮೇಲೆ ಕ್ಯಾಲಿಫೋರ್ನಿಯಾದ ಕಾನೂನು. ಬೇರೆ ರಾಜ್ಯದ ಕನ್ನಡ ಗೆಳೆಯರಿಗೆ ಈ ತಲೆನೋವು ಹೆಚ್ಚು ಗೊತ್ತಿಲ್ಲ. ಇಲ್ಲಿನ ವಾಹನ ಸಂಹಿತೆಯ 27156ನೇ ಸೆಕ್ಷನ್ ಪ್ರಕಾರ ಹೊಗೆ ನಿಯಂತ್ರಣದ ಮೇಲೆ ಪರಿಣಾಮ ಬೀರುವ ಯಾವ ಭಾಗವನ್ನೂ ಸುಮ್ಮನೆ ಬದಲಿಸುವಂತಿಲ್ಲ. ರಾಜ್ಯದ ವಾಯು ಮಂಡಳಿ, ಎಲ್ಲರ ಬಾಯಲ್ಲಿ ‘ಕಾರ್ಬ್’, ಪರಿಶೀಲಿಸಿ ವಿನಾಯಿತಿ ಆದೇಶ ಕೊಟ್ಟಿರಬೇಕು. ಆದೇಶಕ್ಕೆ ‘ಡಿ’ ಅಕ್ಷರದಿಂದ ಶುರುವಾಗುವ ಸಂಖ್ಯೆ, ಅದರ ಸ್ಟಿಕ್ಕರು ಬಾನೆಟ್ ಕೆಳಗೆ ಕಾಣುವಂತಿರಬೇಕು. ಮೂಲ ಡಬ್ಬಿಯಲ್ಲೇ ಕೂರುವ ಬದಲಿ ಫಿಲ್ಟರಿಗೆ ಇದು ಬೇಡ. ಕೊಳವೆ, ಡಬ್ಬಿ ಬದಲಿಸಿದರೆ ಬೇಕು.

ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಒಂದು ಕಿಟ್ ಸಿಕ್ಕಿತ್ತು, ನೋಡಲು ಅಸಲಿಗಿಂತ ಚೆಂದ. ಪುಟದ ಕೊನೆಯಲ್ಲಿ ಸಾಸಿವೆ ಅಕ್ಷರದಲ್ಲಿ ‘ಆಫ್-ರೋಡ್ ಬಳಕೆಗೆ ಮಾತ್ರ’. ತೋಟದೊಳಗೆ ನಾನು ಆಫ್-ರೋಡೇ ಸರಿ, ಆದರೆ ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಹೋಗಿ ಇಳಿಯುವುದಿಲ್ಲವಲ್ಲ. ಕಾರ್ಬ್ ತಾಣದಲ್ಲಿ ಆದೇಶವನ್ನೇ ತೆರೆದು ಓದುವುದು ಒಳ್ಳೆಯದು. ಯಾವ ಮಾದರಿ, ಯಾವ ವರ್ಷ, ಯಾವ ಎಂಜಿನ್, ಯಾವ ಪಾರ್ಟ್ ನಂಬರು ಎಂದು ಅದರಲ್ಲಿ ಬರೆದಿರುತ್ತದೆ. ಒಂದೇ ಕಂಪನಿಯ, ಒಂದೇ ಥರ ಕಾಣುವ ಎರಡು ಕಿಟ್‌ಗಳಲ್ಲಿ ಒಂದಕ್ಕೆ ಆದೇಶ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ವಾರಂಟಿ ಹೋಗುತ್ತದೆಂದು ಹೆದರಿಸುವವರು ಸಿಗುತ್ತಾರೆ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯಂತೆ ಹೊರಗಿನ ಭಾಗ ಹಾಕಿಸಿದ್ದೇ ಕಾರಣಕ್ಕೆ ವಾರಂಟಿ ತಪ್ಪಿಸುವ ಹಾಗಿಲ್ಲ, ಹಾನಿ ಅದರಿಂದಲೇ ಆಯಿತೆಂದು ಅವರು ತೋರಿಸಬೇಕು. ನನ್ನ ಗಾಡಿಯ ವಾರಂಟಿ ಹೇಗೂ ಮುಗಿದಿತ್ತು.

ಕೊನೆಗೆ ಉಳಿದ ಎರಡು ಕಿಟ್‌ಗಳ ನಡುವೆ ತೀರ್ಮಾನ ಮಾಡಿದ್ದು ಮುಚ್ಚಳ. ಎರಡೂ ‘ಮುಚ್ಚಿದ ಡಬ್ಬಿ’ ಎಂದೇ ಹೇಳಿಕೊಂಡಿದ್ದವು. ಒಂದಕ್ಕೆ ಮೇಲೆ ಮುಚ್ಚಳವೇ ಇಲ್ಲ, ಅಂಚಿಗೊಂದು ರಬ್ಬರ್ ಪಟ್ಟಿ, ಬಾನೆಟ್ ಇಳಿಸಿದಾಗ ಅದಕ್ಕೆ ತಾಗಬೇಕು. ಎಲ್ಲಿ ತಾಗುತ್ತದೆ, ಎಲ್ಲಿ ಬೆರಳು ತೂರುತ್ತದೆ ಎಂಬುದು ಬಾನೆಟ್ ಇಳಿದ ಮೇಲೆ ದೇವರಿಗೇ ಗೊತ್ತು. ಇನ್ನೊಂದಕ್ಕೆ ಸ್ಕ್ರೂ ಬಿಗಿಯುವ ಸ್ವಂತ ಮುಚ್ಚಳ, ಅದರಲ್ಲಿ ಒಳಗಿನ ಫಿಲ್ಟರು ಕಾಣುವ ಕಿಟಕಿ, ಫೆಂಡರಿನ ಮೂಲ ಬಾಯಿಗೇ ಸೇರುವ ನಾಳ. ಒಣ ಫಿಲ್ಟರು, ಆದೇಶದ ಸಂಖ್ಯೆ ಎರಡೂ ಇದ್ದವು. ಬೆಲೆ 400 ಡಾಲರಿಗೆ ಸ್ವಲ್ಪ ಕಡಿಮೆ. ಈ ದುಡ್ಡಿಗೆ ಟೊಯೋಟಾ ಫಿಲ್ಟರುಗಳು ವರ್ಷಗಟ್ಟಲೆ ಬರುತ್ತವೆ ಎಂದು ಹೆಂಡತಿ ಲೆಕ್ಕ ತೋರಿಸಿದಳು. ಲೆಕ್ಕ ಸರಿಯಾಗಿಯೇ ಇತ್ತು. ತರಿಸಿದೆ.

ಜೋಡಣೆ ಒಂದು ಮಧ್ಯಾಹ್ನದ ಕೆಲಸ. ಹತ್ತರ ಸಾಕೆಟ್, ಎರಡು ಸ್ಕ್ರೂಡ್ರೈವರ್ ಸಾಕು. ಜೋಪಾನವಾಗಿ ಮಾಡಬೇಕಾದದ್ದು ಸೆನ್ಸರಿನ ವರ್ಗಾವಣೆ. ಅದನ್ನು ಹಿಡಿದಿರುವುದು ಎರಡು ಪುಟ್ಟ ಸ್ಕ್ರೂ, ಅವು ಕಚ್ಚುವುದು ಪ್ಲಾಸ್ಟಿಕ್ಕಿಗೆ, ಮೈಮರೆತು ಬಿಗಿದರೆ ಥ್ರೆಡ್ಡು ಸವೆದುಹೋಗುತ್ತದೆ. ಒ-ರಿಂಗ್ ಮಡಚಿಕೊಂಡಿಲ್ಲವೆಂದು ಬೆರಳಲ್ಲಿ ಸುತ್ತ ಸವರಿ ನೋಡಬೇಕು, ಸೆನ್ಸರಿನ ಮೇಲಿನ ಬಾಣ ಎಂಜಿನ್ ಕಡೆಗೇ ಇರಬೇಕು. ಎಲ್ಲ ಮುಚ್ಚುವ ಮೊದಲು ಫಿಲ್ಟರಿನಾಚೆ, ಕೊಳವೆಯ ಒಳಮೈಗೆ, ಸೆನ್ಸರಿಗೆ ತಾಗದಷ್ಟು ದೂರದಲ್ಲಿ ಒಂದು ಬೆರಳು ತೆಳ್ಳಗೆ ಗ್ರೀಸ್ ಸವರಿದೆ. ಸಂದಿಯಿದ್ದರೆ ಧೂಳು ಅಲ್ಲಿ ಬಂದು ಕೂರಲೇಬೇಕು.

ಮೊದಲ ವ್ಯತ್ಯಾಸ ಸದ್ದು. ಮೂಲ ಕೊಳವೆಯ ಹೊಟ್ಟೆಯಂಥ ಉಬ್ಬು ಸದ್ದು ನುಂಗಲೆಂದೇ ಇಟ್ಟದ್ದು, ಹೊಸದಕ್ಕೆ ಅದಿಲ್ಲ. ತುಳಿದರೆ ಗುಟುರು ಹಾಕುತ್ತದೆ, ನನಗೆ ಹಿಡಿಸಿದೆ. ಓಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಎನ್ನುವವರು ಸದ್ದನ್ನೇ ವೇಗ ಎಂದುಕೊಂಡಿರಬೇಕು. ಫ್ಯುಯಲ್ ಟ್ರಿಮ್ (ಪೆಟ್ರೋಲ್ ಲೆಕ್ಕಕ್ಕೆ ಕಂಪ್ಯೂಟರು ಮಾಡಿಕೊಳ್ಳುವ ತಿದ್ದುಪಡಿ) ಮೊದಲು ಶೇ. 2ರ ಆಸುಪಾಸು ಇದ್ದದ್ದು 4ಕ್ಕೆ ಬಂತು, ಕಂಪ್ಯೂಟರು ಸಲೀಸಾಗಿ ಸರಿದೂಗಿಸಿಕೊಳ್ಳುವ ಮಟ್ಟ. ಕುಂಕುಮದ ನೀರು ಹೊಸದರಲ್ಲಿ 7 ಇಂಚು ತೋರಿಸಿತು. ಅದಕ್ಕಿಂತ ಮುಖ್ಯ, ಕೊಯ್ಲು ಮುಗಿಯುವ ಹೊತ್ತಿಗೆ 8 ಮಾತ್ರ. ಹಳೆಯದು ಅಷ್ಟರಲ್ಲಿ 14ಕ್ಕೆ ಹೋಗಿತ್ತು. ಕೊಳವೆ ಬಿಚ್ಚಿ ಗ್ರೀಸಿನ ಮೇಲೆ ಬಿಳಿ ಬಟ್ಟೆ ಒತ್ತಿದೆ, ಜಿಡ್ಡು ಮಾತ್ರ ಬಂತು, ಬೆರಳಿನಲ್ಲಿ ಹೊಸಕಿದರೆ ಮರಳಿನ ಕರಕರ ಇಲ್ಲ. ಕಿಟಕಿಯ ಆಚೆ, ಕೊಳಕು ಬದಿಯಲ್ಲಿ, ಬಾದಾಮಿ ಸಿಪ್ಪೆಯ ನಾರು, ಎಲೆಪುಡಿ, ಒಂದು ಜೇನುನೊಣ.

ಎಂಟು ಮಾದರಿ ವರ್ಷ ದಾಟಿದ ಗಾಡಿಗೆ ಇಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ. 2000 ಮತ್ತು ಆಮೇಲಿನ ಮಾದರಿಯ ಪೆಟ್ರೋಲ್ ಗಾಡಿಗಳಲ್ಲಿ ಹೊಗೆ ಕೊಳವೆಗೆ ನಳಿಕೆ ತೂರಿಸುವುದಿಲ್ಲ, ಓಬಿಡಿ ಸಾಕೆಟ್ಟಿಗೆ ಚುಚ್ಚುತ್ತಾರೆ, ಆಮೇಲೆ ಬಾನೆಟ್ ಎತ್ತಿ ಕಣ್ಣಲ್ಲಿ ನೋಡುತ್ತಾರೆ. ಪರೀಕ್ಷಿಸುವ ಹುಡುಗ ಇನ್‌ಟೇಕ್ ನೋಡಿದವನೇ ಟಾರ್ಚ್ ಹಾಕಿ ಸ್ಟಿಕ್ಕರು ಹುಡುಕಿದ, ಧೂಳು ಒರೆಸಿ ಸಂಖ್ಯೆಯನ್ನು ಕಂಪ್ಯೂಟರಿಗೆ ಬಡಿದು ತಾಳೆ ನೋಡಿದ. ಪಾಸು. ಸ್ಟಿಕ್ಕರು ಅಂಟಿಸದೆ ಡಬ್ಬಿಯಲ್ಲೇ ಬಿಟ್ಟು ಬರುವವರು ದಿನಾ ಇರುತ್ತಾರಂತೆ, ಅವರನ್ನು ವಾಪಸು ಕಳಿಸುತ್ತಾನಂತೆ. ಟೊಯೋಟಾದ ಹಳೆ ಡಬ್ಬಿ ಗ್ಯಾರೇಜಿನ ಅಟ್ಟದ ಮೇಲಿದೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವರು ಕೇಳಿದರೆ ಅದನ್ನೇ ತಿರುಗಿ ಹಾಕಿಕೊಟ್ಟು, ಇದನ್ನು ಬಿಚ್ಚಿ ಇಟ್ಟುಕೊಳ್ಳುತ್ತೇನೆ.